ಟಿಕೆಟ್ ಇಲ್ಲದ ಹಸಿರು ಪುಡಿ

ಸ್ಪೂನು ಸೂಪಿನ ಮೇಲೆ ಗಾಳಿಯಲ್ಲೇ ನಿಂತಿತ್ತು. ಸ್ಪೂನಿನ ತುಂಬ ಹಸಿರು ಪುಡಿ. ಕೆಳಗೆ ಬಟ್ಟಲಲ್ಲಿ ಪಾಲಕ್ ಸೂಪು, ಅದೂ ಹಸಿರು.

"ಅಡುಗೆಮನೇಲಿ ಏನೇ ಮಾಡ್ತಿದ್ದೀಯ?" ರೂಮಿನಿಂದ ಅಮ್ಮ ಕೇಳಿದ್ಲು.

"ಏನಿಲ್ಲಮ್ಮ."

ಅಷ್ಟು ಹೇಳಿ ಟ್ರೇಲರ್ ಉಸಿರು ಬಿಗಿಹಿಡಿದು ನಿಂತ್ಲು. ಮೊದಲಾಗಿದ್ರೆ ಅಷ್ಟೇ ಸಾಕಿತ್ತು. 'ಏನಿಲ್ಲ' ಅನ್ನೋದು ಬಾಯಿಂದ ಪೂರ್ತಿ ಹೊರಗೆ ಬೀಳೋದ್ರೊಳಗೆ ಅಮ್ಮ ಬಾಗಿಲಲ್ಲಿ ಪ್ರತ್ಯಕ್ಷ. ಸೊಂಟದ ಮೇಲೆ ಕೈ. "ಆ 'ಏನಿಲ್ಲ'ನ ಸ್ವಲ್ಪ ಈ ಕಡೆ ತಾ, ನೋಡೋಣ" ಅಂತಿದ್ಲು.

ಟ್ರೇಲರ್ ಐದು ಎಣಿಸಿದ್ಲು. ಹತ್ತು ಎಣಿಸಿದ್ಲು. ಮಂಚ ಕಿರ್ ಅನ್ನಲಿಲ್ಲ. ಚಪ್ಪಲಿ ಸದ್ದು ಬರ್ಲಿಲ್ಲ.

ಸ್ಪೂನು ಮುಳುಗ್ತು. ಹಸಿರಲ್ಲಿ ಹಸಿರು ಮಾಯ.

ಎಂಥಾ ಸೂಪರ್ ಪ್ಲಾನು. ಆದ್ರೂ ಅವಳಿಗೆ ಖುಷಿ ಆಗ್ಲಿಲ್ಲ. ಸಿಕ್ಕಿಬಿದ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತು.

ಅವಳನ್ನ ಎಲ್ಲರೂ ಕರೆಯೋದೇ ಟ್ರೇಲರ್ ಅಂತ. ಹುಟ್ಟಿದಾಗ ಅಪ್ಪನ ಎರಡು ಅಂಗೈಯಲ್ಲಿ ಹಿಡಿಸೋವಷ್ಟೇ ಇದ್ಲಂತೆ. ನರ್ಸು ತಂದು ಕೊಟ್ಟಾಗ ಅಪ್ಪ, "ಇದು ಬರೀ ಟ್ರೇಲರಾ? ಮಿಕ್ಕಿದ್ದು ಆಮೇಲೆ ಕೊಡ್ತೀರಾ?" ಅಂತ ಕೇಳಿದ್ರಂತೆ. ಈಗ ಹತ್ತು ವರ್ಷ, ಐದನೇ ಕ್ಲಾಸು. ಮಿಕ್ಕಿದ್ದೆಲ್ಲ ಬಂದಿದೆ. ಮುಖ್ಯವಾಗಿ ಬಾಯಿ.

ಟೀಚರ್ ಚಾಕ್‌ಪೀಸ್ ಡಬ್ಬದಲ್ಲಿ ಮೂಲಂಗಿ ತುಂಡು ಜೋಡಿಸಿಟ್ಟವಳು ಅವಳೇ. ಅಪ್ಪ ಬೇಕರಿ ಕೆಲಸಕ್ಕೆ ಬೆಳಗ್ಗೆ ಬೇಗ ಏಳ್ಬೇಕು ಅಂತ ಅವರ ಫೋನಿನ ಅಲಾರಂಗೆ, "ಎದ್ದೇಳು ವೀರ, ಶತ್ರು ಬಾಗಿಲಿಗೆ ಬಂದಾಯ್ತು" ಅಂತ ತನ್ನದೇ ಗಂಟಲಲ್ಲಿ ರೆಕಾರ್ಡ್ ಮಾಡಿಟ್ಟವಳೂ ಅವಳೇ. ಅಪ್ಪ ಆವತ್ತು ಮಂಚದಿಂದ ಕೆಳಗೆ ಬಿದ್ದೇ ಎದ್ದಿದ್ದು.

ಯಾರನ್ನ ಬೇಕಾದ್ರೂ ಏಮಾರಿಸಬಹುದಿತ್ತು, ಅಮ್ಮನ್ನ ಬಿಟ್ಟು. ಯಾಕಂದ್ರೆ ಅಮ್ಮ ಬಸ್ ಕಂಡಕ್ಟರು. ಹನ್ನೊಂದು ವರ್ಷದ ಸರ್ವಿಸು. ಬಸ್ಸು ತುಂಬಿ ತುಳುಕ್ತಿರುತ್ತೆ, ಅಮ್ಮ ಮುಂದಿನ ಬಾಗಿಲ ಹತ್ರ ಬೆನ್ನು ಮಾಡಿ ನಿಂತಿರ್ತಾಳೆ. ತಿರುಗಿ ನೋಡೋದೇ ಇಲ್ಲ. "ಕೊನೇ ಸೀಟಿನ ನೀಲಿ ಶರ್ಟು, ನಿದ್ದೆ ನಾಟಕ ಸಾಕು, ಟಿಕೆಟ್ ತಗೊಳ್ಳಿ" ಅಂತಾಳೆ. ನೀಲಿ ಶರ್ಟು ತಕ್ಷಣ ಕಣ್ಣು ಬಿಡುತ್ತೆ.

ಮನೇಲೂ ಹಾಗೇ. ಟ್ರೇಲರ್ ಏನಾದ್ರೂ ಕಿತಾಪತಿ ಮಾಡೋದು, ಅಮ್ಮ ಹಿಡಿಯೋದು. ಹಿಡಿದ ಮೇಲೆ ಸೀನು ಶುರು. ಅಮ್ಮ ಟವೆಲನ್ನ ಹೆಗಲ ಮೇಲೆ ಎಸೆದುಕೊಂಡು ವಿಲನ್ ಆಗ್ತಿದ್ಲು.

"ಹುಡುಗೀ, ನೀನು ಹುಟ್ಟೋಕೆ ಮುಂಚೆನೇ ನಿನ್ನ ಹೆಸರಿಗೆ ಟಿಕೆಟ್ ಹರಿದಿಟ್ಟಿದ್ದೀನಿ."

"ಹರಿದ ಟಿಕೆಟ್‌ಗೆ ಹೆದರೋಳಲ್ಲ ನಾನು. ಈ ಗಾಡಿಯ ಬ್ರೇಕು ನನ್ನ ಕಾಲಡಿ ಇದೆ."

ಆಮೇಲೆ ಅಮ್ಮ ನಗ್ತಿದ್ಲು. ಹೊಟ್ಟೆಯಿಂದ ಹೊರಟು, ಗಂಟಲಲ್ಲಿ ಎರಡು ಸುತ್ತು ಹಾಕಿ, ಪಕ್ಕದ ಮನೆಯವರ ಕಿಟಕಿ ತೆರೆಸೋ ಅಂಥ ವಿಲನ್ ನಗು. ಟ್ರೇಲರ್‌ಗೆ ಆ ನಗು ಕೇಳೋದು ಅಂದ್ರೆ, ಸಿಕ್ಕಿಬೀಳೋದು ಅಂದ್ರೆ, ಐಸ್‌ಕ್ರೀಮು ಇದ್ದ ಹಾಗೆ.

ಆ ನಗು ಕೇಳಿ ಎರಡು ತಿಂಗಳ ಮೇಲಾಗಿತ್ತು.

ಅಮ್ಮನಿಗೆ ಕ್ಯಾನ್ಸರ್ ಬಂದಿತ್ತು. ಶುರುವಲ್ಲಿ ಆ ಪದನ ಮನೇಲಿ ಎಲ್ಲರೂ ಪಿಸಪಿಸ ಅಂತ ಹೇಳ್ತಿದ್ರು. ಅಮ್ಮನೇ ಒಂದು ದಿನ ಟ್ರೇಲರ್‌ನ ಕೂರಿಸಿಕೊಂಡು ಗಟ್ಟಿಯಾಗಿ ಹೇಳಿದ್ಲು. ಅದೂ ಒಬ್ಬ ಟಿಕೆಟ್ ಇಲ್ಲದ ಪ್ಯಾಸೆಂಜರ್ ಅಷ್ಟೆ ಕಣೆ, ಆಪರೇಷನ್ ಮಾಡಿ ಇಳಿಸಿದ್ದಾರೆ, ಸೀಟಿನ ಕೆಳಗೆ ಯಾರಾದ್ರೂ ಅವಿತುಕೊಂಡಿದ್ರೆ ಅವರನ್ನೂ ಇಳಿಸೋಕೆ ಕೀಮೋ ಅಂತ ಒಂದು ಔಷಧಿ ಕೊಡ್ತಾರೆ, ಅಂತ. ಮೂರು ವಾರಕ್ಕೊಂದು ಸಲ ಕೈಗೆ ನಳಿಗೆ ಹಾಕಿ ಹನಿ ಹನಿಯಾಗಿ ಬಿಡ್ತಾರೆ. ಒಟ್ಟು ಆರು ಸಲ. ಮೂರು ಮುಗಿದಿತ್ತು.

ಔಷಧಿ ಸೀಟಿನ ಕೆಳಗೆ ಮಾತ್ರ ಹುಡುಕ್ತಿರಲಿಲ್ಲ. ಇಡೀ ಬಸ್ಸನ್ನೇ ಅಲ್ಲಾಡಿಸ್ತಿತ್ತು. ಅಮ್ಮನ ಕೂದಲು ಹೋಯ್ತು. ಬಾಯಲ್ಲಿ ಹುಣ್ಣು ಬಂತು. ಏನು ತಿಂದ್ರೂ ಕಬ್ಬಿಣ ನೆಕ್ಕಿದ ಹಾಗೆ ಅಂತಿದ್ಲು. ಮಾತು ಅಳೆದು ಅಳೆದು ಆಡ್ತಿದ್ಲು. ವಿಲನ್ ನಗೋದಕ್ಕೆ ಎಲ್ಲಿ ಆಗುತ್ತೆ?

ಆಸ್ಪತ್ರೆಯ ಸಿಸ್ಟರ್ ಒಂದು ಕೆಲಸ ಹೇಳಿದ್ರು. ಅಮ್ಮನ ಹೊಟ್ಟೆಗೆ ಏನೇನು ಹೋಗುತ್ತೋ ಎಲ್ಲ ಬರೆದಿಡಿ, ಪ್ರತಿ ಸಲ ಬರುವಾಗ ತನ್ನಿ ಅಂತ. ಅಮ್ಮ ಒಂದು ನೋಟ್‌ಬುಕ್ ತಗೊಂಡು ತನ್ನ ಡ್ಯೂಟಿ ಶೀಟಿನ ಥರಾನೇ ಗೆರೆ ಎಳೆದ್ಲು. ಟೈಮ್. ಹತ್ತಿದ್ದು. ಇಳಿದಿದ್ದು. ತಿಂದಿದ್ದು ಕುಡಿದಿದ್ದು ಎಲ್ಲ 'ಹತ್ತಿದ್ದು' ಅನ್ನೋ ಮನೆಗೆ. ವಾಂತಿ ಆದ್ರೆ 'ಇಳಿದಿದ್ದು'. ಆಮೇಲೆ ಬುಕ್ಕನ್ನ ಟ್ರೇಲರ್ ಕೈಗೆ ಕೊಟ್ಟು, ನಾನು ವಾಪಸ್ ಡ್ಯೂಟಿಗೆ ಹೋಗೋವರೆಗೂ ಈ ಮನೆ ಕಂಡಕ್ಟರ್ ನೀನೇ ಅಂದಿದ್ಲು.

ಟ್ರೇಲರ್ ಬರೆಯೋದು ಹೀಗೆ: 'ಬೆಳಗ್ಗೆ 8. ಹತ್ತಿದ್ದು: ಅರ್ಧ ಲೋಟ ಹಾಲು, ಒಂದು ಬ್ರೆಡ್ಡು. 8.20. ಇಳಿದಿದ್ದು: ಇಬ್ಬರೂ, ಬಸ್ಸು ನಿಲ್ಲೋಕೆ ಮುಂಚೆ.'

ಅದನ್ನ ಓದಿ ಅಮ್ಮ ಹುಣ್ಣಿದ್ದ ತುಟಿ ಹಿಡ್ಕೊಂಡು, ನಗಿಸಬೇಡ ಕಣೆ ಅಂತ ಕೈ ಮುಗಿದಿದ್ಲು.

ಪುಡಿ ಬಂದಿದ್ದು ಡ್ರೈವರ್ ಮಾಮನ ಕೈಯಿಂದ. ಮಾಮ ಅಂದ್ರೆ ಅಮ್ಮನ ಅಣ್ಣ ಅಲ್ಲ, ಅಮ್ಮನ ಬಸ್ಸಿನ ಡ್ರೈವರು. ಏಳು ವರ್ಷದಿಂದ ಇಬ್ಬರೂ ಒಂದೇ ಗಾಡಿ, ಒಂದೇ ರೂಟು. ಆ ರೂಟು ಇವರ ಮನೆ ಮುಂದೇನೇ ಹೋಗುತ್ತೆ. ದಿನಾ ಸಂಜೆ ನಾಲ್ಕೂ ನಲವತ್ತಕ್ಕೆ ಮಾಮ ಮನೆ ಮುಂದೆ ಎರಡು ಸಲ ಹಾರ್ನ್ ಹೊಡಿತಾರೆ. ಅಮ್ಮ ಕಿಟಕಿಗೆ ಬಂದು ಕೈ ಎತ್ತುತ್ತಾಳೆ. ಅದು ಅವರಿಬ್ಬರ ಹಾಜರಿ.

ಒಂದು ಭಾನುವಾರ ಮಾಮ ಮನೆಗೇ ಬಂದ್ರು. ಕುರ್ಚಿ ತುದಿಯಲ್ಲಿ ಕೂತು, ಸ್ಟೇರಿಂಗ್ ಇಲ್ಲದ ಕೈಯನ್ನ ಎಲ್ಲಿ ಇಟ್ಕೊಳ್ಳೋದು ಗೊತ್ತಾಗದೆ ಮೊಣಕಾಲು ತಿಕ್ತಾ, ಹೊಸ ಕಂಡಕ್ಟರ್ ಹುಡುಗನ ಬಗ್ಗೆ ಹೇಳಿದ್ರು. ಅವನು ಸೀಟಿ ಊದಿದ್ರೆ ಬೆಕ್ಕು ಸೀನಿದ ಹಾಗೆ ಕೇಳುತ್ತಂತೆ. ಒಂದೊಂದು ಸಲ ಹಿಂದೆ ನೀನೇ ಇದ್ದೀಯ ಅಂದ್ಕೊಂಡು ಕನ್ನಡಿ ನೋಡ್ತೀನಮ್ಮ ಅಂದ್ರು. ಆಮೇಲೆ ಚೀಲದಿಂದ ಒಂದು ಡಬ್ಬಿ ತೆಗೆದ್ರು. ಹಸಿರು ಡಬ್ಬಿ, ಮೇಲೆ ಒಂದು ಎಲೆ, ಎಲೆ ಹಿಂದಿಂದ ಹುಟ್ಟಿ ಬರೋ ಸೂರ್ಯ.

"ಬರೀ ಗಿಡಮೂಲಿಕೆ ಕಣಮ್ಮ. ಆಂಟಿಆಕ್ಸಿಡೆಂಟ್ ಅಂತೆ. ಕೀಮೋ ಸುಸ್ತೆಲ್ಲ ಓಡಿಹೋಗುತ್ತಂತೆ. ಎಲೆ ತಾನೆ, ಏನಾಗುತ್ತೆ?"

ಅಮ್ಮ ಡಬ್ಬಿನ ಎರಡು ಕೈಯಲ್ಲಿ ತಗೊಂಡ್ಲು. ನಿಮ್ಮ ಕಾಳಜಿಗೆ ಏನು ಹೇಳ್ಲಿ ಅಣ್ಣ ಅಂದ್ಲು. ಆದ್ರೆ ಸಿಸ್ಟರ್ ಮೊದಲೇ ಹೇಳಿದ್ದಾರೆ, ಹೊಸದು ಏನೇ ಆದ್ರೂ ಅವರನ್ನ ಕೇಳಿ ಆಮೇಲೆ, ಗುರುವಾರದ ಗುರುವಾರಕ್ಕೆ ಹೆಂಗೂ ಹೋಗ್ತೀವಲ್ಲ, ಆವತ್ತು ಕೇಳ್ತೀನಿ ಅಂದ್ಲು. ಡಬ್ಬಿ ಫ್ರಿಜ್ ಮೇಲೆ ಕೂತ್ಕೊಳ್ತು.

ಅಂದ್ರೆ ಇನ್ನೂ ಹನ್ನೊಂದು ದಿನ.

ಟ್ರೇಲರ್ ಸ್ಟೂಲು ಹಾಕ್ಕೊಂಡು ಡಬ್ಬಿ ಮೇಲಿದ್ದಿದ್ದನ್ನೆಲ್ಲ ಓದಿದ್ಲು. ಎಷ್ಟು ಸಲ ಓದಿದ್ಲು ಅಂದ್ರೆ ಸಿನಿಮಾ ಡೈಲಾಗ್ ಥರ ಬಾಯಿಪಾಠ ಆಗೋಯ್ತು. ಅದರಲ್ಲಿ ಒಂದು ಸಾಲು ಅವಳ ತಲೇಲಿ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಸಮೇತ ಓಡ್ತಿತ್ತು. 'ಕಳೆದುಹೋದ ಚೈತನ್ಯ ಮರಳಿ ನಿಮ್ಮದಾಗಲಿ.'

ಮೂರನೇ ದಿನ, ಬುಧವಾರ, ನಾಲ್ಕೂ ನಲವತ್ತಕ್ಕೆ ಹಾರ್ನ್ ಎರಡು ಸಲ ಹೊಡೀತು. ಅಮ್ಮ ಏಳಲಿಲ್ಲ. ಗೋಡೆ ಕಡೆ ತಿರುಗಿ ಮಲಗೇ ಇದ್ಲು. ಬಸ್ಸು ಒಂದು ಕ್ಷಣ ನಿಂತ ಹಾಗಾಯ್ತು. ಆಮೇಲೆ ಮೂರನೇ ಸಲ, ಮೆಲ್ಲಗೆ, ಪ್ರಶ್ನೆ ಕೇಳೋ ಹಾಗೆ ಹಾರ್ನ್ ಹೊಡೀತು. ಟ್ರೇಲರ್ ಕಿಟಕಿಗೆ ಓಡಿ ತನ್ನ ಕೈ ಎತ್ತಿದ್ಲು. ಅದು ಅಮ್ಮನ ಕೈ ಅಲ್ಲ ಅಂತ ಮಾಮನಿಗೆ ಅಷ್ಟು ದೂರಕ್ಕೂ ಗೊತ್ತಾಗಿರುತ್ತೆ.

ಆವತ್ತೇ ಮೊದಲ ಸ್ಪೂನು.

ಅಪ್ಪ ಬೇಕರಿಯಿಂದ ಮಧ್ಯಾಹ್ನ ಬಂದು ಸೂಪು ಮಾಡಿ ಫ್ಲಾಸ್ಕಲ್ಲಿ ಹಾಕಿಟ್ಟು ಮತ್ತೆ ಹೋಗ್ತಿದ್ರು. ಟ್ರೇಲರ್ ಸ್ಕೂಲಿಂದ ಬಂದು ಬಟ್ಟಲಿಗೆ ಬಗ್ಗಿಸಿ ಅಮ್ಮನಿಗೆ ಕೊಡೋದು. ಅಮ್ಮ ಕುಡಿದ್ಲು. ಟ್ರೇಲರ್ ಅವಳ ಹುಬ್ಬನ್ನೇ ನೋಡ್ತಾ ಕೂತ್ಲು. ಹುಬ್ಬು ಏರಲಿಲ್ಲ. ಕಬ್ಬಿಣ ನೆಕ್ಕೋ ನಾಲಿಗೆಗೆ ಪಾಲಕ್ ಯಾವುದು, ಪುಡಿ ಯಾವುದು?

ಬುಕ್ಕಲ್ಲಿ ಬರೆದಿದ್ದು: 'ಸಂಜೆ 5. ಹತ್ತಿದ್ದು: ಸೂಪು, ಒಂದು ಬಟ್ಟಲು.' ಪೆನ್ನು ಅಲ್ಲೇ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಅವಳು ಬುಕ್ ಮುಚ್ಚಿದ್ಲು.

ಶುಕ್ರವಾರ ಅಮ್ಮ ಎದ್ದು ಕೂತ್ಲು. ಶನಿವಾರ ಎರಡು ಬ್ರೆಡ್ಡು ತಿಂದು ಇನ್ನೊಂದು ಕೇಳಿದ್ಲು. ಭಾನುವಾರ ಬಾಯಿ ಹುಣ್ಣು ಕಮ್ಮಿ ಅಂದ್ಲು. ಸೋಮವಾರ ಹಾರ್ನ್ ಹೊಡೆದಾಗ ಕಿಟಕಿ ಹತ್ರ ಅಮ್ಮನೇ ನಿಂತಿದ್ಲು, ಕೈ ಎತ್ಕೊಂಡು. ಬಸ್ಸು ಖುಷಿಗೆ ನಾಲ್ಕು ಸಲ ಹಾರ್ನ್ ಹೊಡೀತು, ಬೀದಿ ನಾಯಿ ಎಲ್ಲ ಎದ್ದು ನಿಂತವು.

ಮಂಗಳವಾರ ಅಮ್ಮ ಟವೆಲ್ ತಗೊಂಡು ಹೆಗಲ ಮೇಲೆ ಹಾಕ್ಕೊಂಡ್ಲು. "ಹುಡುಗೀ, ನೀನು ಹುಟ್ಟೋಕೆ ಮುಂಚೆನೇ" ಅಂದ್ಲು. ಅಲ್ಲಿಗೆ ಉಸಿರು ಸಾಲದೆ ನಿಂತ್ಲು. ಮಿಕ್ಕಿದ್ದು ನಾಳೆ ಅಂತ ಸನ್ನೆ ಮಾಡಿದ್ಲು. ಅರ್ಧ ಡೈಲಾಗೇ ಆಗ್ಲಿ. ಟ್ರೇಲರ್ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು, ಬಕೆಟ್ ಮೇಲೆ ಕೂತು ಅತ್ತುಬಿಟ್ಲು. ಖುಷಿಗೆ. ಪುಡಿ ಕೆಲಸ ಮಾಡ್ತಿದೆ. ಹೀರೋ ಎಂಟ್ರಿ ಆಗಿದೆ, ಯಾರಿಗೂ ಗೊತ್ತಿಲ್ಲ ಅಷ್ಟೆ. ಗುರುವಾರ ಸಿಸ್ಟರ್ 'ಕೊಡಿ' ಅಂದ್ಮೇಲೆ ಎಲ್ಲ ಹೇಳಿಬಿಡೋದು. ಆಗ ಅಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು ವಿಲನ್ ನಗು ನಗ್ತಾಳೆ, ಫುಲ್ ನಗು.

ಬುಧವಾರ ಎಂಟನೇ ಸ್ಪೂನು.

ಗುರುವಾರ ಸ್ಕೂಲಿಗೆ ರಜ ಇತ್ತು. ಬುಕ್ ಹಿಡ್ಕೊಂಡು ಟ್ರೇಲರೂ ಆಸ್ಪತ್ರೆಗೆ ಹೋದ್ಲು. ಕೀಮೋ ಕೊಡೋ ರೂಮು ಉದ್ದಕ್ಕಿತ್ತು. ಕಿಟಕಿ ಪಕ್ಕ ಸಾಲಾಗಿ ದೊಡ್ಡ ದೊಡ್ಡ ಕುರ್ಚಿ, ಪ್ರತಿ ಕುರ್ಚಿ ಪಕ್ಕ ಒಂದು ಕಂಬ, ಕಂಬಕ್ಕೆ ನೇತಾಡೋ ಔಷಧಿ ಚೀಲ. ನೋಡೋಕೆ ಬಸ್ಸಿನ ಥರಾನೇ ಇತ್ತು, ಹೊರಡದೇ ಇರೋ ಬಸ್ಸು.

ಬೆಳಗ್ಗೇನೇ ಅಮ್ಮನ ರಕ್ತ ತಗೊಂಡಿದ್ರು. ರಿಪೋರ್ಟ್ ಬಂದ್ಮೇಲೇನೇ ಔಷಧಿ. ಅಪ್ಪ ಔಷಧಿ ಅಂಗಡಿ ಕ್ಯೂನಲ್ಲಿ ನಿಲ್ಲೋಕೆ ಕೆಳಗೆ ಹೋದ್ರು. ಅಮ್ಮ ಕುರ್ಚಿಗೆ ಒರಗಿ ಬೆರಳು ಮಡಿಸ್ತಾ ಲೆಕ್ಕ ಹಾಕ್ತಿದ್ಲು. ಇವತ್ತು ನಾಲ್ಕನೇದು. ಆಮೇಲೆ ಐದು, ಆರು. ಆಮೇಲೆ ಸ್ವಲ್ಪ ರೆಸ್ಟು. ಆಮೇಲೆ ಯೂನಿಫಾರಂ.

"ಇಸ್ತ್ರಿ ಮಾಡಿಡ್ತೀಯಲ್ವಾ?" ಅಂದ್ಲು.

ಸಿಸ್ಟರ್ ಬಂದ್ರು. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕ್ಕೊಂಡಿದ್ರು, ಕೈಯಲ್ಲಿ ಕೆಂಪು ಪೆನ್ನು. ಅಮ್ಮ ಅವರಿಗೆ ಇಟ್ಟ ಹೆಸರು ಚೆಕಿಂಗ್ ಸಿಸ್ಟರ್. ಅವರ ಹಿಂದೆ ಡಾಕ್ಟ್ರೂ ಬಂದ್ರು, ಕೈಯಲ್ಲಿ ರಿಪೋರ್ಟು. ಡಾಕ್ಟ್ರು ಕುರ್ಚಿ ಎಳ್ಕೊಂಡು ಕೂತ್ರು. ಡಾಕ್ಟ್ರು ಕೂತು ಮಾತಾಡಿದ್ರೆ ಅದು ಒಳ್ಳೇ ಸೀನಲ್ಲ ಅಂತ ಟ್ರೇಲರ್‌ಗೆ ಈ ನಾಲ್ಕು ತಿಂಗಳಲ್ಲಿ ಗೊತ್ತಾಗಿತ್ತು.

ಅಮ್ಮನ ಲಿವರ್‌ದು ಒಂದು ನಂಬರ್ ಏರಿದೆ ಅಂದ್ರು. ಸ್ವಲ್ಪ ಅಲ್ಲ, ಹೋದ ಸಲಕ್ಕಿಂತ ಮೂರು ಪಟ್ಟು. ಇವತ್ತು ಕೀಮೋ ಕೊಡೋಕಾಗಲ್ಲ. ಯಾಕೆ ಏರಿದೆ ಅಂತ ಮೊದಲು ಗೊತ್ತಾಗ್ಬೇಕು. ಹೊಸದಾಗಿ ಏನಾದ್ರೂ ತಗೊಂಡ್ರಾ, ಕಷಾಯ, ಪುಡಿ, ಬೇರೆ ಮಾತ್ರೆ, ಏನಾದ್ರೂ ಸರಿ, ಅಂತ ಕೇಳಿದ್ರು.

ಅಮ್ಮ ಡಬ್ಬಿ ವಿಷಯ ಹೇಳಿದ್ಲು. ಒಬ್ಬರು ಗಿಡಮೂಲಿಕೆ ಪುಡಿ ಕೊಟ್ಟಿದ್ದಾರೆ, ನಿಮ್ಮನ್ನ ಕೇಳದೆ ಮುಟ್ಟಬಾರದು ಅಂತ ಫ್ರಿಜ್ ಮೇಲೇ ಇದೆ, ಇವತ್ತು ಕೇಳೋಣ ಅಂತಿದ್ದೆ. ಡಾಕ್ಟ್ರು ತಲೆ ಆಡಿಸಿ, ಮುಟ್ಟದೇ ಇದ್ದಿದ್ದು ಒಳ್ಳೇದಾಯ್ತು ಅಂದ್ರು.

ಸಿಸ್ಟರ್ ಬುಕ್ ತಗೊಂಡು ಕೆಂಪು ಪೆನ್ನಲ್ಲಿ ಒಂದೊಂದೇ ಸಾಲು ಮುಟ್ತಾ ಹೋದ್ರು.

"ಹತ್ತಿದ್ದು ಇಷ್ಟೇ ತಾನೆ?"

ಅಮ್ಮ ನೆಟ್ಟಗೆ ಕೂತ್ಲು. ಅವಳ ಮುಖದಲ್ಲಿ ಹಳೇ ಕಂಡಕ್ಟರ್ ಬಂದ್ಲು. "ನನ್ನ ಮಗಳು ಬರೆದಿರೋದು ಸಿಸ್ಟರ್. ಯಾರು ಚೆಕಿಂಗ್‌ಗೆ ಬಂದ್ರೂ ಒಂದು ತಲೆ ಜಾಸ್ತಿ ಸಿಗಲ್ಲ."

ಟ್ರೇಲರ್ ಕಾಲಿನ ಹೆಬ್ಬೆರಳನ್ನ ನೋಡ್ತಾ ನಿಂತ್ಲು.

ಡಾಕ್ಟ್ರು ನಿಧಾನಕ್ಕೆ ಹೇಳಿದ್ರು. ಬೇರೆ ಏನೂ ತಗೊಂಡಿಲ್ಲ ಅಂದ್ರೆ ಇದು ನಮ್ಮ ಔಷಧಿಯಿಂದಲೇ ಆಗ್ತಿರಬೇಕು. ಹಾಗಾದ್ರೆ ಕೀಮೋದಲ್ಲಿ ಕೊಡೋ ಎರಡು ಔಷಧಿಯಲ್ಲಿ ಒಂದನ್ನ ನಿಲ್ಲಿಸೋದರ ಬಗ್ಗೆ ಯೋಚಿಸ್ಬೇಕಾಗುತ್ತೆ.

"ನಿಲ್ಲಿಸಿದ್ರೆ ಪರವಾಗಿಲ್ವಾ?" ಅಮ್ಮ ಕೇಳಿದ್ಲು.

ಡಾಕ್ಟ್ರು ರಿಪೋರ್ಟ್ ಮಡಿಸಿದ್ರು. "ನಿಮ್ಮ ಕಾಯಿಲೆಗೆ ಚೆನ್ನಾಗಿ ಕೆಲಸ ಮಾಡೋದು ಅದೇ" ಅಂದ್ರು.

ಇಂಥಾ ಹೊತ್ತಲ್ಲಿ ಸಿನಿಮಾದಲ್ಲಿ ಬಾಗಿಲು ದಢಾರ್ ಅಂತ ತೆಗೆದು ಹೀರೋ ಬರ್ತಾನೆ, ನಿಲ್ಲಿಸಿ ಅಂತಾನೆ. ಟ್ರೇಲರ್ ಹತ್ರ ಅಂಥಾ ನೂರು ಡೈಲಾಗ್ ಇತ್ತು. ಒಂದೂ ಬರ್ಲಿಲ್ಲ. ಬಾಯಿ ಒಣಗಿ ಅವಳಿಗೂ ಕಬ್ಬಿಣ ನೆಕ್ಕಿದ ಹಾಗಾಯ್ತು.

"ಎಂಟು ಸ್ಪೂನು" ಅಂದ್ಲು.

ಯಾರಿಗೂ ಅರ್ಥ ಆಗ್ಲಿಲ್ಲ. ಸಿಸ್ಟರ್ ಬಗ್ಗಿ, ಏನು ಪುಟ್ಟಿ ಅಂದ್ರು.

"ಆ ಪುಡಿ. ಎಂಟು ಸ್ಪೂನು. ದಿನಾ ಒಂದು. ಸೂಪಲ್ಲಿ ನಾನೇ ಹಾಕಿದ್ದು. ಬುಕ್ಕಲ್ಲಿ ಬರೆದಿಲ್ಲ."

ಪಕ್ಕದ ಕುರ್ಚಿಯ ಔಷಧಿ ಮಷೀನು ಟಿಕ್ ಟಿಕ್ ಅಂತಿತ್ತು. ಅಮ್ಮ ಬೈತಾಳೆ ಅಂತ ಟ್ರೇಲರ್ ಕಾದ್ಲು. ಬೈದ್ರೂ ಚೆನ್ನಾಗಿತ್ತು.

ಅಮ್ಮ ತನ್ನ ಬಾಯಿ ಮುಟ್ಟಿ ನೋಡ್ಕೊಂಡ್ಲು.

"ಎಂಟು ದಿನ" ಅಂದ್ಲು. "ನಂಗೆ ಗೊತ್ತೇ ಆಗ್ಲಿಲ್ವಲ್ಲೇ."

ಅಷ್ಟೇ ಹೇಳಿದ್ದು. ಆದ್ರೆ ಹೇಳುವಾಗ ಅವಳ ಮುಖ ಹೇಗಿತ್ತು ಅಂದ್ರೆ, ತುಂಬಿದ ಬಸ್ಸಲ್ಲಿ ತಿರುಗಿ ನೋಡಿದ್ರೆ ಹಿಂದೆ ಕತ್ತಲೆ, ಯಾರೂ ಕಾಣಿಸ್ತಿಲ್ಲ, ಹಾಗೆ.

ಡಬ್ಬಿ ಮೇಲೆ ಏನೇನು ಬರೆದಿತ್ತು, ನೆನಪಿದ್ಯಾ ಅಂತ ಡಾಕ್ಟ್ರು ಕೇಳಿದ್ರು. ಟ್ರೇಲರ್ ಕಣ್ಣು ಮುಚ್ಚಿ ಒಂದೇ ಉಸಿರಲ್ಲಿ ಶುರು ಮಾಡಿದ್ಲು. ಗ್ರೀನ್ ಟೀ ಸಾರ, ಅರಿಶಿನದ ಸಾರ, ದ್ರಾಕ್ಷಿ ಬೀಜದ ಸಾರ, ಯಾವುದು ಎಷ್ಟು ಮಿಲಿಗ್ರಾಂ, ಇತರೆ ಅಪರೂಪದ ಎಲೆಗಳು, ತಂಪಾದ ಒಣ ಜಾಗದಲ್ಲಿಡಿ, ಕಳೆದುಹೋದ ಚೈತನ್ಯ ಮರಳಿ ನಿಮ್ಮದಾಗಲಿ. ಡಾಕ್ಟ್ರು ಬರ್ಕೊಂಡ್ರು. ಇಷ್ಟು ಸರಿಯಾಗಿ ದೊಡ್ಡವರೂ ಹೇಳಲ್ಲ ಅಂದ್ರು. ಅದು ಹೊಗಳಿಕೆ ಅಂತ ಅವಳಿಗೆ ಅನ್ನಿಸ್ಲಿಲ್ಲ.

ಡಾಕ್ಟ್ರು ಹೋದ್ಮೇಲೆ ಟ್ರೇಲರ್ ಕೇಳಿದ್ಲು, "ಅದು ವಿಷಾನಾ ಸಿಸ್ಟರ್?"

"ವಿಷ ಅಂತ ಅಲ್ಲಮ್ಮ." ಸಿಸ್ಟರ್ ಕನ್ನಡಕ ಇಳಿಸಿದ್ರು. "ನಮ್ಮ ಔಷಧಿ ಕೆಟ್ಟ ಕಣಗಳನ್ನ ಸುಟ್ಟ ಹಾಗೆ ಸಾಯಿಸುತ್ತೆ. ಈ ಪುಡಿ, ಕಣಗಳು ಸುಡದೇ ಇರೋ ಹಾಗೆ ಕಾಪಾಡ್ತೀನಿ ಅನ್ನುತ್ತೆ. ಯಾವ ಕಣನ? ಒಳ್ಳೇದು ಯಾರು, ಕೆಟ್ಟದ್ದು ಯಾರು ಅಂತ ಅದಕ್ಕೆ ಗೊತ್ತಾ? ಒಂದೊಂದು ಸಲ ಕಳ್ಳನಿಗೂ ಕೊಡೆ ಹಿಡಿಯಬಹುದು. ಒಂದೊಂದು ಸಲ ಲಿವರ್‌ಗೆ ಭಾರ ಆಗುತ್ತೆ. ಒಂದೊಂದು ಸಲ ಏನೂ ಆಗಲ್ಲ."

"ಅಮ್ಮಂಗೆ ಯಾವ್ದು ಆಗಿದ್ದು?"

"ಗೊತ್ತಿಲ್ಲ. ಪುಡಿ ನಿಲ್ಲಿಸಿ ಒಂದು ವಾರ ಬಿಟ್ಟು ಮತ್ತೆ ರಕ್ತ ನೋಡ್ತೀವಿ. ಇಳಿದಿದ್ರೆ ಹಳೇ ಔಷಧೀನೇ ಕೊಡ್ತೀವಿ. ನೀನು ಹೇಳದೆ ಇದ್ದಿದ್ರೆ ಇನ್ನೆಲ್ಲೋ ಹುಡುಕ್ತಾ ಕೂತಿರ್ತಿದ್ವಿ."

"ಆದ್ರೆ ಪುಡಿ ಕೊಟ್ಮೇಲೆ ಅಮ್ಮ ಚೆನ್ನಾಗಾದ್ಲು. ಎದ್ದು ಕೂತ್ಲು. ಮೂರು ಬ್ರೆಡ್ಡು ತಿಂದ್ಲು."

ಸಿಸ್ಟರ್ ವಾದ ಮಾಡ್ಲಿಲ್ಲ. ಬುಕ್ಕನ್ನ ಅವಳ ಕೈಗೆ ಕೊಟ್ಟು, ಹಿಂದಿನ ಸಲದ ಪುಟ ತೆಗಿ, ಮೂರನೇ ವಾರ ನೋಡು ಅಂದ್ರು.

ಟ್ರೇಲರ್ ಹಾಳೆ ತಿರುಗಿಸಿದ್ಲು. ಎರಡನೇ ಕೀಮೋ ಆಗಿ ಮೂರನೇ ವಾರ. ಅವಳದೇ ಗುಂಡು ಗುಂಡು ಅಕ್ಷರ. 'ಹತ್ತಿದ್ದು: ಬ್ರೆಡ್ಡು ಎರಡು, ಅಮ್ಮ ಇನ್ನೊಂದು ಕೇಳಿದ್ಲು. ಇಳಿದಿದ್ದು: ಯಾರೂ ಇಲ್ಲ.' ಅದಕ್ಕಿಂತ ಹಿಂದೆ, ಮೊದಲನೇ ಕೀಮೋ. ಮೂರನೇ ವಾರ. 'ಅಮ್ಮ ಮತ್ತೆ ಕಿಟಕಿಗೆ ಬಂದ್ಲು.'

ಪುಡಿ ಇರಲಿಲ್ಲ ಆಗ. ಮೂರನೇ ವಾರ ಅಮ್ಮ ತಾನಾಗೇ ವಾಪಸ್ ಬರ್ತಿದ್ಲು. ಪ್ರತಿ ಸಲ. ಅದೆಲ್ಲ ಅವಳ ಬುಕ್ಕಲ್ಲೇ ಇತ್ತು. ಅವಳೇ ಬರೆದಿದ್ದು. ಪುಡಿ ಹಾಕದೆ ಇನ್ನೆರಡು ದಿನ ಕಾದಿದ್ರೆ ಸಾಕಿತ್ತು.

ಅವಳು ಸಿಸ್ಟರ್ ಹತ್ರ ಪೆನ್ನು ಕೇಳಿದ್ಲು. ಕೆಂಪು ಪೆನ್ನೇ ಕೊಟ್ರು. ನೆಲದ ಮೇಲೆ ಕೂತು, ಹೋದ ವಾರದ ಬುಧವಾರದಿಂದ ಶುರು ಮಾಡಿ ಒಂದೊಂದು ದಿನಕ್ಕೂ ಸೂಪಿನ ಪಕ್ಕ ಬರೆದ್ಲು. 'ಪುಡಿ, ಒಂದು ಸ್ಪೂನು.' ಎಂಟು ಸಲ. 'ಇಳಿದಿದ್ದು' ಅನ್ನೋ ಕಡೆ ಏನು ಬರೀಬೇಕು ಅಂತ ತುಂಬ ಹೊತ್ತು ಯೋಚಿಸಿದ್ಲು. ಕೊನೆಗೆ 'ಗೊತ್ತಿಲ್ಲ' ಅಂತ ಬರೆದ್ಲು. ಅದನ್ನೂ ಎಂಟು ಸಲ.

ಬರೆಯೋದು ಮುಗಿಯೋವರೆಗೂ ಅಮ್ಮ ಮೇಲಿಂದ ನೋಡ್ತಿದ್ಲು. ಆಮೇಲೆ ಕೈ ಚಾಚಿ ಅವಳ ಜಡೆ ಹಿಡಿದು ಮೆತ್ತಗೆ ಎಳೆದ್ಲು.

"ಯಾಕೇ ಹಾಕ್ದೆ?"

"ನೀನು ವಿಲನ್ ಆಗಲಿ ಅಂತ."

ಅಮ್ಮ ಜಡೆ ಬಿಡಲಿಲ್ಲ. ಮಡಿಸಿದ್ದ ಬೆರಳಲ್ಲಿ ಒಂದನ್ನ ಬಿಚ್ಚಿದ್ಲು. ಯೂನಿಫಾರಂ ಒಂದು ವಾರ ಮುಂದಕ್ಕೆ ಹೋಯ್ತು.

ಅಪ್ಪನಿಗೆ ವಿಷಯ ಗೊತ್ತಾದಾಗ ಡ್ರೈವರ್ ಮಾಮನಿಗೆ ಈಗಲೇ ಫೋನ್ ಹಚ್ತೀನಿ ಅಂತ ಹೊರಟ್ರು. ಅಮ್ಮ ಬೇಡ ಅಂದ್ಲು. ಅವರು ಡಬ್ಬಿ ಕೊಟ್ಟಿದ್ದು ನನ್ನ ಕೈಗೆ, ಸೂಪಿಗಲ್ಲ ಅಂದ್ಲು. ಅಪ್ಪ ಟ್ರೇಲರ್‌ನ ಒಂದು ಸಲ ನೋಡಿ, ತಮ್ಮ ಕರ್ಚೀಫ್ ಕೊಟ್ಟು ಮೂಗು ಒರೆಸ್ಕೋ ಅಂದು ಬೇಕರಿಗೆ ಹೋದ್ರು.

ಮನೆಗೆ ಹೋಗೋ ಬಸ್ಸು ಮಾಮಂದೇ ಆಗಿತ್ತು. ಅಮ್ಮ ಎಲ್ಲರ ಥರ ಮೆಟ್ಟಿಲು ಹತ್ತಿ, ಎಲ್ಲರ ಥರ ಟಿಕೆಟ್ ತಗೊಂಡ್ಲು. ಹೊಸ ಕಂಡಕ್ಟರ್ ಹುಡುಗನಿಗೆ ಇವಳು ಯಾರು ಅಂತಾನೂ ಗೊತ್ತಿರಲಿಲ್ಲ. ತಲೆಗೆ ಸ್ಕಾರ್ಫ್ ಕಟ್ಟಿದ್ದ ಅಮ್ಮನ್ನ ಕಿಟಕಿ ಪಕ್ಕ ಕೂರಿಸಿ ಮುಂದೆ ಹೋದ. ಅವನ ಸೀಟಿ ನಿಜವಾಗ್ಲೂ ಬೆಕ್ಕು ಸೀನಿದ ಹಾಗೇ ಇತ್ತು.

ಮಾಮ ಕನ್ನಡಿಯಲ್ಲಿ ನೋಡಿದ್ರು. ಕಣ್ಣೆಲ್ಲ ನಗು. ಸಿಗ್ನಲ್‌ನಲ್ಲಿ ನಿಂತಾಗ ತಿರುಗಿ ಕೇಳಿದ್ರು.

"ಹೆಂಗಮ್ಮ, ನನ್ನ ಪುಡಿ ಶುರು ಆಯ್ತಾ?"

ಅಮ್ಮ ಬಾಯಿ ತೆರೆಯೋದ್ರೊಳಗೆ ಟ್ರೇಲರ್ ಎದ್ದು ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡ್ಕೊಂಡ್ಲು. ಅದಕ್ಕೆ ಡಾಕ್ಟ್ರು ಟಿಕೆಟ್ ಕೊಡಲ್ಲ ಮಾಮ, ಅಂದ್ಲು. ಆಮೇಲೆ ಮೆಲ್ಲಗೆ, ಎಂಟು ಸ್ಪೂನಿನ ಕತೆ ಪೂರ್ತಿ ಹೇಳಿದ್ಲು. ಲಿವರ್ ನಂಬರ್, ಒಂದು ವಾರ, ಎಲ್ಲ.

ಮಾಮನ ನಗು ಕನ್ನಡಿಯಿಂದ ಇಳಿದುಹೋಯ್ತು. ಸಿಗ್ನಲ್ ಬಿಟ್ಟಿತ್ತು, ಹಿಂದಿನ ಗಾಡಿಗಳು ಅರಚ್ತಿದ್ವು. ಮಾಮ ಗೇರ್ ಹಾಕೋದನ್ನೇ ಮರೆತು ಕೂತಿದ್ರು. "ಎಲೆ ತಾನೆ ಅಂದ್ಕೊಂಡೆ" ಅಂದ್ರು. ಆಮೇಲೆ ಗಾಡಿ ಎಷ್ಟು ನಿಧಾನಕ್ಕೆ ಓಡಿಸಿದ್ರು ಅಂದ್ರೆ, ಒಂದು ಗುಂಡಿಯೂ ಅಮ್ಮನ್ನ ಮುಟ್ಟಲಿಲ್ಲ.

ಟ್ರೇಲರ್ ವಾಪಸ್ ಬಂದು ಕೂತಾಗ ಅಮ್ಮನ ಕಣ್ಣು ಮುಚ್ಚಿತ್ತು. ತಲೆ ಮೆಲ್ಲಗೆ ಜಾರಿ ಅವಳ ಹೆಗಲಿಗೆ ಬಂತು. ಹಗುರ ಇತ್ತು. ಟ್ರೇಲರ್ ಅಲ್ಲಾಡದೆ ಕೂತ್ಲು.

ಅಮ್ಮನ ಕಣ್ಣು ಮುಚ್ಚಿದ್ದಾಗ ಬಾಗಿಲನ್ನ ಯಾರು ನೋಡ್ತಾರೆ?

ಅವಳು ನೋಡೋಕೆ ಶುರು ಮಾಡಿದ್ಲು. ಯಾರು ಹತ್ತಿದ್ರು, ಯಾರು ಇಳಿದ್ರು. ಹಳದಿ ಛತ್ರಿ. ಇಬ್ಬರು ಕಾಲೇಜ್ ಅಕ್ಕಂದಿರು. ಒಬ್ಬರು ದೊಡ್ಡ ಚೀಲದವರು. ಮುಂದಿನ ಸ್ಟಾಪಲ್ಲಿ ಒಬ್ಬರು ಅಜ್ಜಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ರು, ಇನ್ನೊಂದು ರೋಡ್ ಮೇಲೇ ಇತ್ತು. ಕಂಡಕ್ಟರ್ ಹುಡುಗ ಬೇರೆ ಕಡೆ ನೋಡ್ತಾ ಸೀಟಿಯನ್ನ ಬಾಯಿಗೆ ತಗೊಂಡ.

"ಹೋಲ್ಡಾನ್" ಅಂದ್ಲು ಟ್ರೇಲರ್.

ಬಸ್ಸು ನಿಂತೇ ಇತ್ತು. ಅಜ್ಜಿ ಇನ್ನೊಂದು ಕಾಲೂ ಮೇಲೆ ತಂದ್ರು. ಟ್ರೇಲರ್ ಉಸಿರು ಬಿಟ್ಟು 'ರೈಟ್' ಅನ್ನೋಕೆ ಬಾಯಿ ತೆಗೆದ್ಲು.

"ಇನ್ನೂ ಒಬ್ರು ಇದ್ದಾರೆ."

ಅಮ್ಮ. ಕಣ್ಣು ಮುಚ್ಚೇ ಇತ್ತು. ತಲೆ ಹೆಗಲ ಮೇಲೇ ಇತ್ತು.

ಟ್ರೇಲರ್ ಕತ್ತು ಉದ್ದ ಮಾಡಿ ನೋಡಿದ್ಲು. ಅಜ್ಜಿ ಸೀರೆ ಹಿಂದೆ, ಸೆರಗು ಹಿಡ್ಕೊಂಡು, ಒಂದು ಪುಟಾಣಿ ಪಾಪು ಮೆಟ್ಟಿಲ ಮೇಲೆ ಕಾಲು ಎತ್ತಿಡೋಕೆ ಒದ್ದಾಡ್ತಿತ್ತು. ಕಂಡಕ್ಟರ್ ಹುಡುಗ ಗಾಬರಿಯಿಂದ ಬಗ್ಗಿ ಅದನ್ನ ಮೇಲಕ್ಕೆ ಎತ್ಕೊಂಡ.

ಟ್ರೇಲರ್‌ಗೆ ನಗು ಬಂತು, ಅಳುವೂ ಬಂತು. ಯಾವುದಕ್ಕೂ ಹೆಗಲು ಅಲ್ಲಾಡಿಸ್ಲಿಲ್ಲ. ಇನ್ನೊಂದು ಸಲ, ಎಲ್ಲರನ್ನೂ, ಮೆಟ್ಟಿಲ ಕೆಳಗಿನವರೆಗೂ ನೋಡಿದ್ಲು.

"ಈಗ ರೈಟ್" ಅಂದ್ಲು.

ಬಸ್ಸು ಹೊರಡ್ತು. ಮನೆ ಬರೋವರೆಗೂ ಅವಳು ಬಾಗಿಲಿಂದ ಕಣ್ಣು ತೆಗೀಲಿಲ್ಲ.